ಮಗುವನ್ನು ಒಪ್ಪಿಸುವ ವ್ಯವಸ್ಥೆ: ಕಾಸರಗೋಡಿನ ಕನ್ನಡತಿಗೆ ಎಷ್ಟು ಆಸರೆ, ಎಲ್ಲಿ ತೊಡಕು

ಹೆತ್ತ ಮಗುವನ್ನು ಸಾಕಲಾಗದ ಹೆಣ್ಣಿಗೆ ಕಾನೂನು ಒಂದು ದಾರಿ ಇಟ್ಟಿದೆ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ, ಅಂದರೆ ಎಲ್ಲರೂ ಸಿಡಬ್ಲ್ಯುಸಿ ಎನ್ನುವ ಸಮಿತಿಯ ಮುಂದೆ, ಮಗುವನ್ನು ಒಪ್ಪಿಸುವುದು. ದುಡ್ಡು ಕೊಡಬೇಕಾಗಿಲ್ಲ, ವಕೀಲರೂ ಬೇಡ. ಮಗು ಯಾವ ಮನೆ ಸೇರಿತೆಂದು ತಾಯಿಗೆ ತಿಳಿಸುವುದಿಲ್ಲ. ತಾಯಿ ಯಾರೆಂದು ಆ ಮನೆಯವರಿಗೂ ತಿಳಿಸುವುದಿಲ್ಲ. ಗುಪ್ತ ದತ್ತು ಎಂದರೆ ಇದೇ. 1956ರ ಹಿಂದೂ ದತ್ತಕ ಕಾಯ್ದೆಯಡಿ ಬಂಧುಗಳಿಗೋ ಪರಿಚಿತರಿಗೋ ಕೊಡುವುದು ಬೇರೆಯೇ ದಾರಿ, ಅಲ್ಲಿ ಗುಟ್ಟು ನಿಲ್ಲುವುದಿಲ್ಲ.

ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ಕನ್ನಡದ ಹೆಣ್ಣುಮಗಳೊಬ್ಬಳಿಗೆ ಈ ವ್ಯವಸ್ಥೆ ಎಷ್ಟರಮಟ್ಟಿಗೆ ಒದಗುತ್ತದೆ? ಕಾನೂನಿನ ಮಟ್ಟಿಗೆ ಹೇಳುವುದಾದರೆ ಚೆನ್ನಾಗಿಯೇ ಒದಗುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 35ನೇ ಕಲಮು ತಾಯಿಯ ಪರವಾಗಿದೆ. ದೈಹಿಕ, ಮಾನಸಿಕ ಅಥವಾ ಸಾಮಾಜಿಕ ಕಾರಣಗಳಿಂದ ಸಾಕಲಾಗದಿದ್ದರೆ ಮಗುವನ್ನು ಸಮಿತಿಯ ಮುಂದೆ ತರಬಹುದು. ವಿಚಾರಣೆಯ ಹೊತ್ತಿನಲ್ಲಿ ಹೆತ್ತವರ ಮೇಲೆ ಎಫ್‌ಐಆರ್ ಹಾಕುವಂತಿಲ್ಲ ಎಂದು 38ನೇ ಕಲಮು ಹೇಳುತ್ತದೆ. ಪೊಲೀಸರ ಭಯಕ್ಕೆ ಮಗುವನ್ನು ಎಲ್ಲೋ ಬಿಟ್ಟುಹೋಗುವವರಿಗೆ ಈ ಒಂದು ಮಾತು ಮೊದಲೇ ತಿಳಿದಿರಬೇಕಿತ್ತು ಎನಿಸುತ್ತದೆ.

ಗರ್ಭಿಣಿಯಾಗಿರುವಾಗಲೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಸಲಹೆ ಕೇಳಬಹುದು. ಆದರೆ ಹೆರಿಗೆಗೆ ಮುಂಚೆ ಯಾವ ಕಾಗದಕ್ಕೂ ಸಹಿ ಹಾಕುವಂತಿಲ್ಲ. 'ಈಗಲೇ ಬರೆದುಕೊಡು' ಎನ್ನುವವರು ಯಾರೇ ಆಗಲಿ, ಅದು ಈ ವ್ಯವಸ್ಥೆಯಲ್ಲ. ಹಣ ಕೊಡುತ್ತೇವೆ, ಆಸ್ಪತ್ರೆ ಖರ್ಚು ನೋಡಿಕೊಳ್ಳುತ್ತೇವೆ ಎಂದು ಬಂದರಂತೂ ಅದು ಮಗುವಿನ ಮಾರಾಟ. 5 ವರ್ಷದವರೆಗೆ ಸಜೆ, ಆಸ್ಪತ್ರೆಯವರು ಕೈಹಾಕಿದ್ದರೆ 7 ವರ್ಷದವರೆಗೆ.

ಹೆರಿಗೆಯ ಬಳಿಕ ಸಮಿತಿಯವರು ಮೊದಲು ಕೂರಿಸಿ ಮಾತಾಡುತ್ತಾರೆ, ಮಗುವನ್ನು ಇಟ್ಟುಕೊಳ್ಳುವ ಉಪಾಯವಿದೆಯೇ ಎಂದು ನೋಡುತ್ತಾರೆ. ಮನಸ್ಸು ಗಟ್ಟಿಯಾಗಿದ್ದರೆ ಒಪ್ಪಿಸುವ ಪತ್ರಕ್ಕೆ ಸಹಿ. ಮದುವೆಯಾಗದ ತಾಯಿಯಾದರೆ ಅವಳೊಬ್ಬಳ ಸಹಿ ಸಾಕು. ಮದುವೆಯಾದವರಾದರೆ ಗಂಡ ಹೆಂಡತಿ ಇಬ್ಬರದೂ ಬೇಕು. ಒಬ್ಬರು ತೀರಿಹೋಗಿದ್ದರೆ ಮರಣಪತ್ರ. ತಾಯಿ 18 ತುಂಬದವಳಾದರೆ ಜೊತೆಗೆ ಬಂದ ದೊಡ್ಡವರು ಸಾಕ್ಷಿ ಹಾಕುತ್ತಾರೆ, ಆದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯಂತೆ ವಿಷಯ ಪೊಲೀಸರಿಗೆ ಹೋಗಲೇಬೇಕು. ಇದನ್ನು ಹುಡುಗಿಗೆ ಹೇಳದೆ ಕರೆತಂದರೆ ಅವಳಿಗೆ ಅಲ್ಲಿಯೇ ಗಾಬರಿಯಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಸಹಿಯ ದಿನದಿಂದ ಲೆಕ್ಕವಾಗುವ 60 ದಿನ. ಅಷ್ಟರೊಳಗೆ ತಾಯಿ ಮನಸ್ಸು ಬದಲಿಸಿ ಮಗುವನ್ನು ವಾಪಸು ಕೇಳಬಹುದು. ಅದು ಮುಗಿದ ಮೇಲೆ ಸಮಿತಿ ಮಗುವನ್ನು ದತ್ತಿಗೆ ಮುಕ್ತವೆಂದು ಘೋಷಿಸುತ್ತದೆ, ಆಮೇಲೆ ದತ್ತಿನ ಆದೇಶ ಜಿಲ್ಲಾಧಿಕಾರಿಯಿಂದ. ತಾಯಿಗೆ ಹಿಂದಿರುಗುವ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. ಸಹಿ ಹಾಕಿದ ತಾರೀಖನ್ನೂ 60ನೇ ದಿನದ ತಾರೀಖನ್ನೂ ಕಾಗದದಲ್ಲಿ ಬರೆಸಿಕೊಳ್ಳಿ. ಬಾಣಂತಿಯ ಮೊದಲ ವಾರಗಳಲ್ಲಿ ನಿದ್ದೆಯಿಲ್ಲದ, ಕಣ್ಣೀರು ನಿಲ್ಲದ ಹೊತ್ತಿನಲ್ಲಿ ದಿನ ಎಣಿಸಲಾಗುವುದಿಲ್ಲ.

ಇಲ್ಲಿಯೇ ನಮ್ಮ ಜಿಲ್ಲೆಯ ದೊಡ್ಡ ತೊಡಕು. ಪತ್ರದ ನಮೂನೆ ಇಂಗ್ಲಿಷಿನದು, ವಿವರಣೆ ಮಲಯಾಳದಲ್ಲಿ ಬರುವುದೇ ಹೆಚ್ಚು. 'ಮನಸ್ಸಿಲಾಯೋ?' (ಅರ್ಥವಾಯಿತೇ?) ಎಂದಾಗ ತಲೆಯಾಡಿಸಿ ಸಹಿ ಹಾಕಿದವಳಿಗೆ 60 ದಿನದ ಮಾತೇ ತಲುಪದಿರಬಹುದು. ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿದೆ. ಸಂಕೋಚಪಡದೆ ಕನ್ನಡ ಬಲ್ಲವರನ್ನು ಕೇಳಿ. ಆದರೆ ನೆಂಟರನ್ನು ದುಭಾಷಿಯಾಗಿ ಒಪ್ಪಬೇಡಿ, ಅವರ ಇಷ್ಟವೂ ಮಾತಿನೊಳಗೆ ಸೇರಿಕೊಳ್ಳುತ್ತದೆ. ಮಂಗಳೂರಿನ ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಸಾಮಾನ್ಯವಾಗಿ ಅಲ್ಲಿನ ಸಮಿತಿಯ ಮುಂದೆಯೇ ಒಪ್ಪಿಸುವುದು. ಭಾಷೆಯ ತೊಂದರೆ ಅಷ್ಟಿಲ್ಲ, ಆದರೆ ಮನಸ್ಸು ಬದಲಾದರೆ ಎರಡು ತಿಂಗಳೊಳಗೆ ಗಡಿಯ ತಲಪಾಡಿ ದಾಟಿ ಪುನಃ ಹೋಗಿಬರಬೇಕಾದೀತು.

ಗುಟ್ಟು ಸಮಿತಿಯಲ್ಲಿ ಒಡೆಯುವುದು ಅಪರೂಪ. ಅಪಾಯ ಹೆಚ್ಚಿರುವುದು ಮನೆಯ ಅಂಗಳದಲ್ಲಿ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮಗು ನೋಡಲು ಬರಬೇಕೆಂಬ ಕ್ರಮವಿದೆ. ತಾಯಿ ಕಾರ್ಡಿನಲ್ಲಿ ಊರಿನ ವಿಳಾಸವಿದ್ದರೆ ನೆರೆಕರೆಯವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಆಸ್ಪತ್ರೆ ಬಿಡುವ ಮುನ್ನವೇ ಡಾಕ್ಟರಲ್ಲೋ ಆಪ್ತಸಮಾಲೋಚಕರಲ್ಲೋ ಈ ವಿಷಯ ತೆಗೆಯಿರಿ. ಮೂರನೆಯ ನಾಲ್ಕನೆಯ ದಿನ ಎದೆಹಾಲು ಕಟ್ಟಿ ನೋವು, ಜ್ವರ ಬರಬಹುದು. ಅದಕ್ಕೂ ಮದ್ದನ್ನು ಆಗಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಸಾಕಲಾಗದ ಮಗುವನ್ನು ಗುಟ್ಟಾಗಿ ಬಿಟ್ಟುಹೋಗಲೆಂದು ಇಟ್ಟಿರುವ ಅಮ್ಮತೊಟ್ಟಿಲನ್ನು ಇದರೊಡನೆ ಸೇರಿಸಬಾರದು. ಕೇರಳದಲ್ಲಿ 2002ರಲ್ಲಿ ತಿರುವನಂತಪುರದಿಂದ ಶುರುವಾದ ಆ ತೊಟ್ಟಿಲಲ್ಲಿ ಹೆಸರು ಕೇಳುವುದಿಲ್ಲ, ಸಹಿಯೂ ಇಲ್ಲ. ಜೀವ ಉಳಿಸುವುದಕ್ಕೆ ಅದು ದೊಡ್ಡದು. ಆದರೆ ಮಗುವಿನ ಬಗ್ಗೆ ಒಂದು ಅಕ್ಷರವೂ ಕಡತದಲ್ಲಿ ಉಳಿಯುವುದಿಲ್ಲ: ರಕ್ತದ ಕಾಯಿಲೆಯಿದೆಯೇ, ಮನೆತನದಲ್ಲಿ ಸಕ್ಕರೆ ಕಾಯಿಲೆಯಿದೆಯೇ, ಯಾಕೆ ಬಿಟ್ಟರು. ತಾಯಿ ಮರಳಿ ಬಂದರೂ ತನ್ನದೆಂದು ತೋರಿಸಲು ಡಿಎನ್‌ಎ ಪರೀಕ್ಷೆಯವರೆಗೆ ಹೋಗಬೇಕು. ಸಾಧ್ಯವಿದ್ದರೆ ಸಮಿತಿಯ ದಾರಿಯೇ ಮೇಲು ಎಂದು ನಾವು ಹೇಳುವುದು ಇದಕ್ಕೇ.

ಇನ್ನು, ಗುಪ್ತ ಎಂದರೆ ಎಂದೆಂದಿಗೂ ಕತ್ತಲೆಯೇ? ಹಾಗಲ್ಲ. ಮಗು ದೊಡ್ಡದಾಗಿ ಬೇರು ಹುಡುಕಿಕೊಂಡು ಬಂದರೆ ಸಂಸ್ಥೆಗಳು ಸಹಾಯ ಮಾಡಬೇಕೆಂದು ದತ್ತು ನಿಯಮಗಳಲ್ಲಿದೆ. ಮೂರನೆಯವರು ಹುಡುಕುವಂತಿಲ್ಲ. ಒಪ್ಪಿಸುವಾಗಲೇ ತಾಯಿ ತನ್ನ ಗುರುತು ಹೇಳಬಾರದೆಂದು ತಿಳಿಸಿದ್ದರೆ ಅವಳ ಲಿಖಿತ ಒಪ್ಪಿಗೆಯಿಲ್ಲದೆ ಹೆಸರು ಹೊರಬರುವುದಿಲ್ಲ. ಒಪ್ಪದಿದ್ದರೂ ಯಾಕೆ ಒಪ್ಪಿಸಲಾಯಿತು ಎಂಬ ಕಾರಣ ಮಾತ್ರ ಮಗುವಿಗೆ ತಿಳಿಸುತ್ತಾರೆ. ಹಾಗಾಗಿ ಪತ್ರದಲ್ಲಿ ಕಾರಣ ಬರೆಯುವ ಜಾಗದಲ್ಲಿ 'ಬಡತನ' ಎಂದೊಂದು ಪದ ಗೀಚಿ ಮುಗಿಸಬೇಡಿ. ಇಪ್ಪತ್ತು ವರ್ಷ ಕಳೆದು ಅದನ್ನು ಓದುವವರೊಬ್ಬರಿದ್ದಾರೆ. ಕನ್ನಡದಲ್ಲೇ ನಾಲ್ಕು ಸಾಲು ಬೇರೆ ಹಾಳೆಯಲ್ಲಿ ಬರೆದು, ಕಡತಕ್ಕೆ ಸೇರಿಸಲು ಕೇಳಿಕೊಳ್ಳಿ.