ಪ್ರಾವೊ ಅಂದರೆ ಬಲಕ್ಕಲ್ಲ: ಸರ್ಬಿಯನ್ ಕಲಿಯಲು ಆ್ಯಪ್, ಮೇಷ್ಟ್ರು, ನೋಟ್‌ಬುಕ್

ನನ್ನ ಓಟು 40 ರೂಪಾಯಿಯ ನೋಟ್‌ಬುಕ್‌ಗೆ. ಕೆಲಸದ ಮೇಲೆ ಮೂರು ತಿಂಗಳು ಸರ್ಬಿಯಾದಲ್ಲಿ ಇರಬೇಕಿತ್ತು. ದಾರಿ ಕೇಳುವಷ್ಟು, ಬಸ್ ಹತ್ತುವಷ್ಟು ಮಾತು ಬಂದರೆ ಸಾಕಿತ್ತು. ಅದಕ್ಕೇ 2,400 ರೂಪಾಯಿ ಕೊಟ್ಟು ಒಂದು ಆ್ಯಪ್ ತಗೊಂಡಿದ್ದೆ.

ಅದು ಕೈಕೊಟ್ಟಿದ್ದು ನಿಶ್ ಊರಿನಲ್ಲಿ. ಆ್ಯಪ್‌ನಲ್ಲಿ ಒಂದು ಪದಕ್ಕೆ ಒಂದೇ ಇಂಗ್ಲಿಷ್ ಅರ್ಥ. ‘ಪ್ರಾವೊ’ ಅಂದರೆ ‘ರೈಟ್’. ನಾನು ಬಲಗಡೆ ಅಂತ ಉರು ಹೊಡೆದಿದ್ದೆ. ಚೌಕದಲ್ಲಿ ಒಬ್ಬ ಅಜ್ಜಿಯನ್ನು ಬಸ್ ಸ್ಟ್ಯಾಂಡ್ ಎಲ್ಲಿ ಅಂತ ಕೇಳಿದೆ. ‘ಸಾಮೊ ಪ್ರಾವೊ, ಪಾ ಲೇವೊ’ ಅಂದರು. ಎದುರಿಗೇ ಸೇತುವೆ, ಅದರಾಚೆ ಕೋಟೆ ಬಾಗಿಲು. ನಾನು ಸೇತುವೆ ಬಿಟ್ಟು ಬಲಕ್ಕೆ ತಿರುಗಿ ನಿಶಾವಾ ಹೊಳೆಯ ದಂಡೆ ಹಿಡಿದೆ. ಅಜ್ಜಿ ಹಿಂದಿನಿಂದ ‘ಪ್ರಾವೊ! ಪ್ರಾವೊ!’ ಅಂತ ಕೂಗಿದರು. ಹೌದಜ್ಜಿ, ಬಲಕ್ಕೇ ಹೋಗ್ತಿದ್ದೀನಲ್ಲ ಅಂತ ಕೈ ಬೀಸಿ ಇನ್ನೂ ಬಿರುಸಾಗಿ ನಡೆದೆ. ಬೆಲ್‌ಗ್ರೇಡ್ ಬಸ್ಸು ತಪ್ಪಿತು.

ಪ್ರಾವೊ ಅಂದರೆ ಸೀದಾ. ಅಜ್ಜಿ ಹೇಳಿದ್ದು ‘ಸೀದಾ ಹೋಗಿ, ಆಮೇಲೆ ಎಡಕ್ಕೆ’ ಅಂತ. ಬಲಕ್ಕೆ ‘ದೆಸ್ನೊ’. ಆ್ಯಪ್ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಕಾನೂನಿನ ಹಕ್ಕಿಗೂ ಪ್ರಾವೊ ಅಂತಲೇ ಅನ್ನುತ್ತಾರೆ, ಆ್ಯಪ್‌ನವರು ಕೊಟ್ಟಿದ್ದು ಆ ‘ರೈಟ್’. ಹಕ್ಕು ಹಿಡಿದುಕೊಂಡು ಬಸ್ ಸ್ಟ್ಯಾಂಡ್ ಹುಡುಕೋಕಾಗುತ್ತಾ? ಸಾಲದ್ದಕ್ಕೆ ಆ್ಯಪ್‌ನಲ್ಲಿ ಅಲ್ಲಿನ ಬೋರ್ಡುಗಳಲ್ಲಿ ಕಾಣುವ ಸಿರಿಲಿಕ್ ಲಿಪಿಯ ಅಕ್ಷರವೇ ಇರಲಿಲ್ಲ.

ಆನ್‌ಲೈನ್ ಮೇಷ್ಟ್ರು ಚೆನ್ನಾಗಿ ಹೇಳಿಕೊಡುತ್ತಾರೆ. ಗಂಟೆಗೆ 1,200 ರೂಪಾಯಿ, ನನಗೆ ಜಾಸ್ತಿಯಾಯಿತು.

ನೋಟ್‌ಬುಕ್‌ನಲ್ಲಿ ಎಡಗಡೆ ಬೋರ್ಡಿನಲ್ಲಿ ಕಂಡ ಸಿರಿಲಿಕ್ ಅಕ್ಷರ, ಬಲಗಡೆ ಕನ್ನಡ. ಸರ್ಬಿಯನ್‌ನಲ್ಲಿ ಇರುವುದು 30 ಅಕ್ಷರ, ನಮ್ಮ ಹಾಗೇ ಬರೆದಂತೆ ಓದುವ ಭಾಷೆ. ಹಾಗಾಗಿ ಕನ್ನಡದಲ್ಲಿ ಬರೆದರೆ ಇಂಗ್ಲಿಷಿಗಿಂತ ಎಷ್ಟೋ ಸರಿಯಾಗಿ ಕೂರುತ್ತದೆ. ಉಲಿತ್ಸಾ ಬೀದಿ, ಉಲಾಜ್ ಒಳಗೆ ಹೋಗುವ ಬಾಗಿಲು, ಇಜ್ಲಾಜ್ ಹೊರಗೆ, ಪೊಲಾಜಾಕ್ ಬಸ್ ಹೊರಡುವುದು, ಪುತಾರಿನಾ ಟೋಲ್. ಬರೆಯುತ್ತಾ ಹೋದ ಹಾಗೆ ನೆಂಟರೂ ಸಿಕ್ಕರು. ದಾರಿಗೆ ‘ಪೂತ್’, ನಮ್ಮ ‘ಪಥ’ದ ದೂರದ ಬಳಗ. ದೆಸ್ನೊಗೆ ‘ದಕ್ಷಿಣ’ (ಸಂಸ್ಕೃತದಲ್ಲಿ ಅದಕ್ಕೆ ಬಲಗಡೆ ಅಂತಲೂ ಅರ್ಥ), ನಿಲ್ದಾಣ ಅನ್ನುವ ಸ್ತಾನಿತ್ಸಾಗೆ ‘ಸ್ಥಾನ’. ಆಮೇಲೆ ದೆಸ್ನೊ ಮರೆತೇ ಇಲ್ಲ. ದೇವಸ್ಥಾನ ಸುತ್ತುವಾಗ ಪ್ರದಕ್ಷಿಣೆ ಬಲಕ್ಕೇ ಅಲ್ವಾ?

ನೋಟ್‌ಬುಕ್‌ಗೂ ಒಂದು ಕೊರತೆ ಇದೆ. ಸರ್ಬಿಯನ್‌ನಲ್ಲಿ ಎರಡು ಥರದ ‘ಚ’ ಇದೆ, ಕನ್ನಡದಲ್ಲಿ ಎರಡನ್ನೂ ಒಂದೇ ಥರ ಬರೆದೆ. ಅದಕ್ಕೆ ಮೇಷ್ಟ್ರ ಹತ್ರ ಎರಡು ಗಂಟೆ ಕೂರುವುದು ಒಳ್ಳೆಯದು, ಅಷ್ಟು ಸಾಕು. ಕೈಯಲ್ಲಿ ಬರೆಯೋಕೆ ಬೇಜಾರು ಅನ್ನುವವರಿಗೆ ಮಾತ್ರ ಆ್ಯಪ್. ಅದನ್ನು ತಗೊಂಡರೂ ‘ಪ್ರಾವೊ’ ಒಂದನ್ನು ಮೊದಲು ತಿದ್ದಿಕೊಳ್ಳಿ.