ಒಂದೇ ಸೀರೆ ಇಬ್ಬರಿಗೆ ಮಾರಾಟವಾಗುವುದು ನಿಂತಿತು: ದಾಸ್ತಾನು ಸಾಫ್ಟ್‌ವೇರಿನ ವಿಮರ್ಶೆ

ಬಾಗಲಕೋಟೆಯ ನಮ್ಮ ಅಂಗಡಿಯಲ್ಲಿ ಇಳಕಲ್ ಸೀರೆ ಮತ್ತು ಗುಳೇದಗುಡ್ಡದ ಖಣಗಳನ್ನು ಕೌಂಟರಿನಲ್ಲಿಯೂ ಶಾಪಿಫೈ ಎಂಬ ವೇದಿಕೆಯ ಆನ್‌ಲೈನ್ ಮಳಿಗೆಯಲ್ಲಿಯೂ ಮಾರುತ್ತೇವೆ. ಎರಡೂ ಕಡೆಯ ದಾಸ್ತಾನನ್ನು ತಾಳೆ ಮಾಡುವ ಸಾಫ್ಟ್‌ವೇರ್ ಸೇವೆಯೊಂದಕ್ಕೆ ಎರಡು ವರ್ಷಗಳಿಂದ ಚಂದಾ ಕಟ್ಟುತ್ತಿದ್ದೇವೆ. ಅದರ ಕೆಲಸದ ಕ್ರಮ ಈಚೆಗೆ ಬದಲಾಗಿದೆ.

ಮೊದಲು ಅದರ ಸರ್ವರ್ 15 ನಿಮಿಷಕ್ಕೊಮ್ಮೆ, ಅಂದರೆ ದಿನಕ್ಕೆ 96 ಸಲ, ಏನಾದರೂ ಬದಲಾಗಿದೆಯೇ ಎಂದು ಆನ್‌ಲೈನ್ ಮಳಿಗೆಯನ್ನು ಕೇಳುತ್ತಿತ್ತು. ಒಂದೇ ಬಗೆಯ ಐವತ್ತು ನಗಗಳನ್ನು ಇಟ್ಟುಕೊಂಡವರಿಗೆ ಇದು ನಡೆದೀತು. ಆದರೆ ಮೈಭಾಗದ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ನೇಯ್ದ ಕೈಮಗ್ಗದ ಸೀರೆ ಆ ಬಣ್ಣದಲ್ಲಿ, ಆ ದಡಿಯಲ್ಲಿ ನಮ್ಮ ಬಳಿ ಇರುವುದು ಒಂದೇ. ಆ ಕಾಲು ಗಂಟೆಯಲ್ಲಿ ಗೋಮಿ ದಡಿಯ ಸೀರೆಯೊಂದು ಆನ್‌ಲೈನಿನಲ್ಲಿಯೂ ಕೌಂಟರಿನಲ್ಲಿಯೂ ಮಾರಾಟವಾಗಿ, ಮದುವೆಯ ಮನೆಯವರಿಗೆ ಹಣ ಮರಳಿಸಿ ಕ್ಷಮೆ ಕೇಳಬೇಕಾಯಿತು.

ಈಗ ಆರ್ಡರ್ ಬಿದ್ದೊಡನೆ ಮಳಿಗೆಯೇ ವೆಬ್‌ಹುಕ್ (ಕೇಳದೆಯೇ ತಾನಾಗಿ ಬರುವ ಸಂದೇಶ) ಮೂಲಕ ಸುದ್ದಿ ಕಳಿಸುತ್ತದೆ. ಶಾಪಿಫೈ 5 ಸೆಕೆಂಡಿನೊಳಗೆ ಉತ್ತರ ಬಯಸುವುದರಿಂದ, ಸಾಫ್ಟ್‌ವೇರ್ ಸುದ್ದಿ ಮುಟ್ಟಿತೆಂದು ಮೊದಲು ತಿಳಿಸಿ, ಅದನ್ನು ಸರತಿಯಲ್ಲಿಟ್ಟು, ಲೆಕ್ಕವನ್ನು ಆಮೇಲೆ ತಿದ್ದುತ್ತದೆ. ಕೌಂಟರಿನ ಪರದೆಯ ಮೇಲೆ ಬದಲಾವಣೆ ಕೆಲವೇ ಸೆಕೆಂಡುಗಳಲ್ಲಿ ಕಾಣುತ್ತದೆ.

ಮೊದಲ ವಾರ ಮಾತ್ರ ಪೇಚಾಟದ್ದು. ಉತ್ತರ ತಡವಾದರೆ ಅದೇ ಸುದ್ದಿ ಮತ್ತೊಮ್ಮೆ ಬರುವುದು ಈ ವ್ಯವಸ್ಥೆಯ ಸ್ವಭಾವ, ಅದನ್ನು ಗುರುತಿಸದೆ ಎರಡು ಸಲ ಕಳೆದಿದ್ದರಿಂದ ನಮ್ಮ ಸೀರೆಯೊಂದರ ದಾಸ್ತಾನು ಮೈನಸ್ ಒಂದಾಯಿತು (ಇಲ್ಲದ ಸೀರೆಗಿಂತಲೂ ಕಡಿಮೆ!). ದೂರು ಕೊಟ್ಟ ಮೇಲೆ ಪ್ರತಿ ಸುದ್ದಿಯ ಗುರುತಿನ ಸಂಖ್ಯೆಯನ್ನು ದಾಖಲಿಸಿ, ಮರುಕಳಿಸಿದ್ದನ್ನು ಬಿಟ್ಟುಬಿಡುವಂತೆ ಸರಿಪಡಿಸಿದರು. ಮಳಿಗೆಯನ್ನು ಆಗಾಗ ಕೇಳುವ ಹಳೆಯ ಕ್ರಮವನ್ನು ಪೂರ್ತಿ ಕೈಬಿಟ್ಟಿದ್ದೂ ತಪ್ಪಾಗಿತ್ತು. ದಾರಿಯಲ್ಲಿ ತಪ್ಪಿಹೋದ ಸುದ್ದಿಯನ್ನು ಹಿಡಿಯಲು ಈಗ ರಾತ್ರಿಗೊಮ್ಮೆ ಪೂರ್ಣ ತಾಳೆ ನಡೆಯುತ್ತದೆ.

ಉಳಿದಿರುವ ದೂರು ಒಂದೇ. ಅನೇಕ ಅಂಗಡಿಗಳ ಸುದ್ದಿ ಒಂದೇ ಸರತಿಯಲ್ಲಿ ನಿಲ್ಲುವುದರಿಂದ, ದೀಪಾವಳಿಯ ಹಿಂದಿನ ದಿನ ದೊಡ್ಡ ವ್ಯಾಪಾರಿಯೊಬ್ಬರು ಸಾವಿರಾರು ಸರಕುಗಳ ಬೆಲೆಯನ್ನು ಒಮ್ಮೆಗೇ ಬದಲಿಸಿದಾಗ ನಮ್ಮ ಆರ್ಡರುಗಳು ಇಪ್ಪತ್ತು ನಿಮಿಷ ಹಿಂದೆ ಬಿದ್ದವು. ಹಳೆಯ ಪದ್ಧತಿಗಿಂತಲೂ ಅಂದು ಹೆಚ್ಚು ತಡ. ಪ್ರತಿ ಅಂಗಡಿಗೂ ಸರತಿಯಲ್ಲಿ ಪಾಲು ಗೊತ್ತುಪಡಿಸಬೇಕೆಂದು ಬರೆದಿದ್ದೇವೆ, ಕೆಲಸ ನಡೆದಿದೆ ಎಂಬ ಉತ್ತರ ಬಂದಿದೆ. ಅಲ್ಲಿಯವರೆಗೆ ಐದಕ್ಕೆ ನಾಲ್ಕು ಅಂಕ. ಹಬ್ಬದ ದಿನಗಳಲ್ಲಿ ಕೌಂಟರಿನ ಪಕ್ಕ ಒಂದು ನೋಟ್‌ಬುಕ್ಕನ್ನೂ ಇಟ್ಟುಕೊಳ್ಳುತ್ತೇವೆ.