ಗಡಿಯಾರದ ಮುಳ್ಳಿಗೆ ಜೋತುಬಿದ್ದ ಜಾಕಿ, ನಮ್ಮ ಮೂರು ಕ್ಯಾಸೆಟ್

ಬೀದರಿನ ಉಸ್ಮಾನ್‌ಗಂಜ್ ಕಡೆ ಒಂದು ಸಣ್ಣ ಅಂಗಡಿ. ಟಿವಿ ರಿಪೇರಿ, ಮಿಕ್ಸರ್ ರಿಪೇರಿ, ರಿಮೋಟ್ ಮಾರಾಟ. ಬೋರ್ಡಿನ ಮೇಲೆ ಹೆಸರು ಅಳಿಸಿ ಹೋಗಿದೆ, ನಾನೂ ಬರೆಯುವುದಿಲ್ಲ. ಒಳಗೆ ಒಂದು ಮೂಲೆಯಲ್ಲಿ ಹಳೆ ವಿಡಿಯೋ ಕ್ಯಾಸೆಟ್ಟನ್ನು ಪೆನ್‌ಡ್ರೈವ್‌ಗೆ ಇಳಿಸಿ ಕೊಡುತ್ತಾರೆ. ಒಂದು ಕ್ಯಾಸೆಟ್ಟಿಗೆ ₹250. ಬೂಷ್ಟು ಹಿಡಿದಿದ್ದರೆ ಒರೆಸಲು ₹100 ಜಾಸ್ತಿ. ನಾನು ಮೂರು ಕೊಟ್ಟೆ. ಮೂರು ದಿನ ಅಂದರು, ಒಂಬತ್ತು ದಿನ ಹಿಡಿಯಿತು. ಕೆಲಸ ಹೇಗಿತ್ತು ಅಂತ ಬರೆಯಲು ಕೂತಿದ್ದೇನೆ. ಆದರೆ ಕ್ಯಾಸೆಟ್ಟಿನಲ್ಲಿ ಏನಿತ್ತು ಅಂತ ಹೇಳದೆ ಇದನ್ನು ಹೇಳಲು ಬರುವುದಿಲ್ಲ.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಫಾಲ್-ಪಿಕೊ ಮಾಡುತ್ತೇನೆ. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಅಣ್ಣ ವಿಸಿಆರ್, ಅಂದರೆ ಕ್ಯಾಸೆಟ್ ಓಡಿಸುವ ಮಷೀನು, ಬಾಡಿಗೆಗೆ ಕೊಡುತ್ತಿದ್ದ. ಟಿವಿ, ವಿಸಿಆರ್, ಮೂರು ಕ್ಯಾಸೆಟ್, ಒಂದು ರಾತ್ರಿಗೆ. ಟಿವಿಯನ್ನು ಅವ್ವನ ಹಳೆ ಸೀರೆಯಿಂದ ಸೈಕಲ್ ಕ್ಯಾರಿಯರ್‌ಗೆ ಕಟ್ಟಿ ಅವನು ತಳ್ಳಿಕೊಂಡು ಹೋದರೆ, ನಾನು ಹಿಂದೆ ಟಿವಿ ಹಿಡಿದುಕೊಂಡು ನಡೆಯುತ್ತಿದ್ದೆ. ನಮ್ಮ ಓಣಿಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಎಲ್ಲ ಮನೆಗಳೂ ಇದ್ದವು. ಕನ್ನಡ ಪಿಕ್ಚರ್ ಹಾಕಿದರೆ ಆ ಕಡೆಯವರು ಎದ್ದು ಹೋಗುತ್ತಿದ್ದರು, ತೆಲುಗು ಹಾಕಿದರೆ ಈ ಕಡೆಯವರು. ಯಾರೂ ಏಳದ ಕ್ಯಾಸೆಟ್ ಅಂದರೆ ಕುಂಗ್ ಫೂ. ಅದೂ ನಗಿಸುವ ಕುಂಗ್ ಫೂ. ಮಾತು ಇಂಗ್ಲಿಷಿನಲ್ಲಿ. ಬಾಯಿ ಒಂದು ಕಡೆ, ಮಾತು ಒಂದು ಕಡೆ. ಆಗ ಹಾಂಗ್‌ಕಾಂಗ್‌ನಲ್ಲಿ ಶೂಟಿಂಗ್ ಮಾಡುವಾಗ ಮಾತು ರೆಕಾರ್ಡ್ ಮಾಡುವ ರೂಢಿಯೇ ಕಡಿಮೆ ಇತ್ತಂತೆ. ಅವರ ಭಾಷೆಯ ಮಾತೂ ಆಮೇಲೆ ಕೂಡಿಸಿದ್ದೇ. ನಮಗೆ ಒಂದಕ್ಷರ ತಿಳಿಯುತ್ತಿರಲಿಲ್ಲ, ತಿಳಿಯಬೇಕು ಅಂತ ಯಾರೂ ಕೂತಿರಲೂ ಇಲ್ಲ.

ಕೇಬಲ್ ಬಂತು, ಅಣ್ಣನ ಧಂದೆ ಮುಗಿಯಿತು. ಮೂರು ಕ್ಯಾಸೆಟ್ ಮಾತ್ರ ನನ್ನ ಟ್ರಂಕಿನ ಅಡಿಯಲ್ಲಿ ಉಳಿದವು.

ಅಂಗಡಿಯ ಭಾಯಿ ಮೊದಲನೆಯದರ ಮುಚ್ಚಳ ಎತ್ತಿ ಬೆಳಕಿಗೆ ಹಿಡಿದರು. ಟೇಪಿನ ಸುರುಳಿ ಮೇಲೆ ಬಿಳಿ ಪುಡಿ.

"ಅಕ್ಕಾ, ಬೂಷ್ಟು ಹಿಡದದ ನೋಡ್ರಿ. ಹಿಂಗೇ ಹಾಕಿದರ ನನ್ನ ಮಷೀನಿನ ಹೆಡ್ ಹೋಗತದ."

ಒಳಗೆ ಟೇಪು ಓದುವ ಹೆಡ್ ಇರುವ ಡ್ರಮ್ಮು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ, ಅದರ ಮೈಗೆ ಟೇಪು ತಾಗಿಕೊಂಡು ಸರಿಯುತ್ತದೆ ಅಂತ ಬಿಚ್ಚಿ ತೋರಿಸಿದರು. ಬಾಬಿನ್ ಕೇಸಿನಲ್ಲಿ ಚೂರು ದಾರ ಸಿಕ್ಕರೆ ನನ್ನ ಮಷೀನು ಹೇಗೆ ಹಟ ಹಿಡಿಯುತ್ತದೆ ಅಂತ ನನಗೆ ಗೊತ್ತು, ಹಾಗಾಗಿ ₹100ಕ್ಕೆ ಚೌಕಾಸಿ ಮಾಡಲಿಲ್ಲ. ಹೊಸ ವಿಸಿಆರ್ ಈಗ ಸಿಗುವುದಿಲ್ಲ. ಕೊನೆಯವರೆಗೂ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ನಿಲ್ಲಿಸಿತು. ಭಾಯಿ ಮೂರು ಸತ್ತ ಮಷೀನುಗಳಿಂದ ಒಂದನ್ನು ಬದುಕಿಸಿ ಇಟ್ಟುಕೊಂಡಿದ್ದಾರೆ. ಇನ್ನೊಂದು ವಿಷಯ. ಕ್ಯಾಸೆಟ್ ಮೂರು ತಾಸಿನದಾದರೆ ಇಳಿಸಲೂ ಮೂರು ತಾಸು. ಫೈಲ್ ಕಾಪಿ ಮಾಡಿದ ಹಾಗೆ ಅಲ್ಲ, ಪೂರ್ತಿ ಓಡಿಸಲೇಬೇಕು. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಒಂಬತ್ತು ದಿನದಲ್ಲಿ ಅರ್ಧ ಪಾಲು ಕರೆಂಟಿನದು ಅಂತ ಬಿಡೋಣ. ಉಳಿದರ್ಧ ಭಾಯಿಯದೇ. ಫೋನ್ ಮಾಡಿದಾಗಲೆಲ್ಲ "ನಾಳೆ ಅಕ್ಕಾ".

ಮೊದಲನೆಯದು 'ಡ್ರಂಕನ್ ಮಾಸ್ಟರ್', 1978ರದು. ಅದರ ಹೀರೋ ಜಾಕಿ ಚಾನ್‌ಗೆ ಆಗ 24 ವಯಸ್ಸು. 1973ರಲ್ಲಿ ಕುಂಗ್ ಫೂ ಹೀರೋ ಬ್ರೂಸ್ ಲೀ ತೀರಿಕೊಂಡ ಮೇಲೆ ಎಲ್ಲರಿಗೂ ಇನ್ನೊಬ್ಬ ಬ್ರೂಸ್ ಲೀ ಬೇಕಿತ್ತು. ಲೋ ವೇ ಅನ್ನುವ ನಿರ್ದೇಶಕರು ಈ ಹುಡುಗನನ್ನೇ ಹಾಗೆ ಮಾಡಲು ನೋಡಿದರು, ಆಗಲಿಲ್ಲ. ಬೇರೆ ಕಂಪನಿಗೆ ಎರವಲು ಕೊಟ್ಟರು. ಅಲ್ಲಿ ನಿರ್ದೇಶಕ ಯುವೆನ್ ವೂ-ಪಿಂಗ್ ಒಂದೇ ವರ್ಷದಲ್ಲಿ ಅವನ ಎರಡು ಪಿಕ್ಚರ್ ತೆಗೆದರು, ಎರಡೂ ಓಡಿದವು. ಬ್ರೂಸ್ ಲೀ ಹೊಡೆದರೆ ಎದುರಿನವನಿಗೆ ಮಾತ್ರ ನೋವು. ಜಾಕಿ ಹೊಡೆದರೆ ಕೈ ಜಾಡಿಸಿಕೊಳ್ಳುತ್ತಾನೆ, ಬೆರಳಿಗೆ ಉಫ್ ಅಂತ ಊದಿಕೊಳ್ಳುತ್ತಾನೆ, ಯಾರೂ ನೋಡಲಿಲ್ಲ ತಾನೆ ಅಂತ ಅತ್ತಿತ್ತ ನೋಡುತ್ತಾನೆ. ನಮ್ಮ ಓಣಿಯ ಹುಡುಗರೂ ಜಗಳ ಆಡಿದರೆ ಹಾಗೇ ಆಡುತ್ತಿದ್ದರು.

ಕಥೆ ಅಂದರೆ ಇಷ್ಟೇ. ವಾಂಗ್ ಫೇ-ಹಂಗ್ ಅಂತ ಒಬ್ಬ ಪೋಕರಿ. ಈ ಹೆಸರಿನ ದೊಡ್ಡ ಗುರು ಚೀನಾದಲ್ಲಿ ನಿಜವಾಗಿ ಇದ್ದರು, ಅವರ ಮೇಲೆ ಗಂಭೀರವಾದ ಪಿಕ್ಚರುಗಳು ಎಷ್ಟೋ ಬಂದಿದ್ದವು. ಇಲ್ಲಿ ಅವರನ್ನೇ ಮೈಗಳ್ಳ ಹುಡುಗನನ್ನಾಗಿ ಮಾಡಿಬಿಟ್ಟರು. ಗೆಳೆಯರ ಮುಂದೆ ಶೋಕಿ ಮಾಡಲು ಒಬ್ಬ ಹುಡುಗಿಯನ್ನು ಕೆಣಕುತ್ತಾನೆ. ಹುಡುಗಿಯ ತಾಯಿ ಬಂದು ಸರಿಯಾಗಿ ಬಡಿಯುತ್ತಾಳೆ. ಮನೆಗೆ ಬಂದು ನೋಡಿದರೆ ಆಕೆ ಸ್ವಂತ ಅತ್ತೆ! ನಮ್ಮ ಓಣಿಯ ಹೆಂಗಸರಿಗೆ ಈ ಭಾಗ ಎಷ್ಟು ಸೇರುತ್ತಿತ್ತು ಅಂದರೆ ಅಣ್ಣ ಎರಡೆರಡು ಸಲ ರಿವೈಂಡ್ ಮಾಡಬೇಕಿತ್ತು. ಅಲ್ಲಿ ಟೇಪು ಸವೆದಿದೆ. ಪೆನ್‌ಡ್ರೈವ್‌ನಲ್ಲೂ ಅತ್ತೆ ಹೊಡೆಯುವ ಹೊತ್ತಿಗೆ ಸರಿಯಾಗಿ ಬಿಳಿ ಗೆರೆ ಏಳುತ್ತವೆ. ಇದಕ್ಕೆ ಭಾಯಿಯನ್ನು ಬೈಯುವ ಹಾಗಿಲ್ಲ, ತಪ್ಪು ನಮ್ಮದೇ.

ಆಮೇಲೆ ಕೆಂಪು ಮೂಗಿನ ಕುಡುಕ ಮುದುಕ ಬರುತ್ತಾನೆ. ಆ ಮುದುಕ ನಿರ್ದೇಶಕರ ಸ್ವಂತ ಅಪ್ಪ, ಯುವೆನ್ ಸಿಯು-ಟಿಯೆನ್. ಹುಡುಗನನ್ನು ತಲೆಕೆಳಗಾಗಿ ನೇತುಹಾಕುತ್ತಾನೆ. ಕೆಳಗೊಂದು ಬಕೀಟು ನೀರು, ಮೇಲೊಂದು ಖಾಲಿ ಬಕೀಟು, ಕೈಯಲ್ಲಿ ಚಹಾ ಕುಡಿಯುವಂಥ ಸಣ್ಣ ಕಪ್ಪು. ಕೆಳಗೆ ಮುಳುಗಿಸು, ಹೊಟ್ಟೆ ಮಡಚಿ ಮೇಲೆದ್ದು ಸುರಿ, ಮತ್ತೆ ಇಳಿ. ಮುದುಕ ಬದಿಯಲ್ಲಿ ಸುಮ್ನೆ ಇರುತ್ತಾನೆ. ಇದರಲ್ಲಿ ಜೋಕು ಏನೂ ಇಲ್ಲ, ಆದರೂ ನಗು ಬರುತ್ತದೆ. ಯಾಕೆ ಅಂತ ಈಗ ತಿಳಿಯಿತು. ಕ್ಯಾಮೆರಾ ದೂರ ನಿಂತಿದೆ. ಬಕೀಟು, ಕಾಲು, ಹೊಟ್ಟೆ, ಮುಖ ಎಲ್ಲ ಒಟ್ಟಿಗೆ ಕಾಣುತ್ತದೆ. ನಿಜವಾಗಿ ಒಬ್ಬ ಮನುಷ್ಯ ಆ ಕೆಲಸ ಮಾಡುತ್ತಿದ್ದಾನೆ, ಅವನ ಹೊಟ್ಟೆ ನಿಜವಾಗಿ ನಡುಗುತ್ತಿದೆ. ಈಗಿನ ಫೈಟುಗಳಲ್ಲಿ ಮುಷ್ಟಿ ಒಂದು ಶಾಟು, ಮೂತಿ ಇನ್ನೊಂದು ಶಾಟು. ಯಾರು ಯಾರಿಗೆ ಹೊಡೆದರು ಅಂತ ಊಹೆ ಮಾಡಿಕೊಳ್ಳಬೇಕು. ಬರೀ ತೋಳು, ಬರೀ ಕಾಲರ್ ತಂದು ಅಳತೆ ಹೇಳಿ ಅಂದರೆ ನಾನಾದರೂ ಏನು ಹೇಳಲಿ?

ಭಾಯಿ ಕೊಟ್ಟ ಫೈಲಿನ ದೊಡ್ಡ ಕೊರತೆಯೂ ಇಲ್ಲೇ ಇದೆ. ಇದನ್ನೂ ಅವರ ತಲೆಗೆ ಕಟ್ಟಲು ಬರುವುದಿಲ್ಲ. ಪಿಕ್ಚರ್ ತೆಗೆದದ್ದು ಅಗಲ ಪರದೆಗೆ. ಕ್ಯಾಸೆಟ್ ಮಾಡಿದವರು ಚೌಕಾಕಾರದ ಹಳೆ ಟಿವಿಗೆ ಕೂರಿಸಲು ಎರಡೂ ಬದಿ ಕತ್ತರಿಸಿದ್ದಾರೆ. ಹತ್ತಿರ ಹತ್ತಿರ ಅರ್ಧ ಚಿತ್ರವೇ ಹೋಗಿದೆ. ಕೊನೆಯ ಫೈಟಿನಲ್ಲಿ ಜಾಕಿ ಈ ತುದಿ, ಖಳನಾಯಕ ಆ ತುದಿ. ನಮ್ಮ ಕ್ಯಾಸೆಟ್ಟಿನಲ್ಲಿ ಜಾಕಿ ಗಾಳಿಯ ಜೊತೆ ಬಡಿದಾಡುತ್ತಾನೆ, ಆ ಗಾಳಿಯಿಂದ ಆಗಾಗ ಒಂದು ಕಾಲು ಬಂದು ಒದ್ದು ಹೋಗುತ್ತದೆ. ಕಾಲು ಕೊರಿಯಾದ ಹ್ವಾಂಗ್ ಜಾಂಗ್-ಲೀ ಅವರದು. ಟೇಕ್ವಾಂಡೋ ಕಲಿತ ಮನುಷ್ಯ, ಒದೆತ ನೋಡಿದರೆ ಮೈ ಝುಂ ಅನ್ನುತ್ತದೆ. ಆ ಒದೆತದ ಒಡೆಯ ಯಾರು ಅಂತ ಇಷ್ಟು ವರ್ಷ ನಾನು ಸರಿಯಾಗಿ ನೋಡಿರಲೇ ಇಲ್ಲ.

ನೋಡಿದ್ದು ಹೋದ ದೀಪಾವಳಿಯಲ್ಲಿ. ಅಣ್ಣನ ಮಗ ಲಂಡನ್ನಿನಿಂದ ಇದೇ ಪಿಕ್ಚರಿನ ಬ್ಲೂ-ರೇ ಡಿಸ್ಕ್ ತಂದಿದ್ದ. ನಮ್ಮ ಪ್ಲೇಯರ್ ಮುಟ್ಟಲಿಲ್ಲ. ಡಿಸ್ಕುಗಳಿಗೂ ಸೀಮೆ ಇದೆಯಂತೆ. ಬ್ರಿಟನ್ ಬಿ, ಭಾರತ ಸಿ. ಕೊನೆಗೆ ಅವನ ಲ್ಯಾಪ್‌ಟಾಪಿನಲ್ಲಿ ಏನೋ ಮಾಡಿ ಹಾಕಿದ. ಪೂರ್ತಿ ಅಗಲ, ಪೂರ್ತಿ ಮನುಷ್ಯರು. ಅತ್ತೆ ಬಡಿಯುವಾಗ ಹಿಂದೆ ನಿಂತ ಜನರ ಮುಖವೂ ಕಂಡವು. ನಿಮಗೆ ಪಿಕ್ಚರ್ ಮಾತ್ರ ಬೇಕಿದ್ದರೆ ಕ್ಯಾಸೆಟ್ ಇಳಿಸುವ ಗೋಜಿಗೆ ಹೋಗಬೇಡಿ, ಅಗಲದ ಪ್ರತಿ ಹುಡುಕಿಕೊಳ್ಳಿ. ಇದು ನನ್ನ ನೇರ ಮಾತು.

ಕೊನೆಯ ಫೈಟಿನ ಬಗ್ಗೆ ಒಂದು ತಕರಾರು ಇದೆ. ಕುಡುಕ ಕುಂಗ್ ಫೂ ಅಂದರೆ ಎಂಟು ದೇವತೆಗಳ ಎಂಟು ವರಸೆ. ಏಳನ್ನು ಕಲಿತ ಹುಡುಗ ಎಂಟನೆಯದನ್ನು ಬಿಟ್ಟಿರುತ್ತಾನೆ, ಅದು ಹೆಣ್ಣು ದೇವತೆಯದು ಅಂತ ನಾಚಿಕೆ. ಫೈಟಿನ ನಡುವೆ ಅದೇ ಬೇಕಾಗುತ್ತದೆ. ಆಗ ಸ್ವಂತ ಬುದ್ಧಿಯಿಂದ ಸೊಂಟ ತಿರುಗಿಸಿ, ಕೂದಲು ಸರಿಮಾಡಿ, ನುಲಿಯುತ್ತಾ ಹೊಡೆಯುತ್ತಾನೆ. ನಾನೂ ನಗುತ್ತೇನೆ. ಆದರೂ ಹೆಂಗಸು ಅಂದರೆ ಬರೀ ನುಲಿಯುವುದಾ ಅಂತ ಅನ್ನಿಸದೆ ಇರುವುದಿಲ್ಲ, ಅದೂ ಅತ್ತೆ ಮೊದಲಲ್ಲೇ ಅಷ್ಟು ಚೆನ್ನಾಗಿ ಬಡಿದ ಮೇಲೆ. 1994ರಲ್ಲಿ ಬಂದ ಎರಡನೇ ಭಾಗದಲ್ಲಿ ಲೆಕ್ಕ ಸ್ವಲ್ಪ ಸರಿಹೋಯಿತು. ಅದರಲ್ಲಿ ಮಲತಾಯಿಯಾಗಿ ಅನಿತಾ ಮುಯಿ. ಜಾಕಿಗಿಂತ ಒಂಬತ್ತು ವರ್ಷ ಚಿಕ್ಕವಳು, ಅವನ ತಾಯಿ ಪಾತ್ರ! ಗಂಡ ಬಂದರೆ ಅಳುಮುಖ, ಗಂಡ ತಿರುಗಿದರೆ ಜೂಜು. ಅವಳು ಪರದೆ ಮೇಲೆ ಇದ್ದಷ್ಟು ಹೊತ್ತು ನನಗೆ ಜಾಕಿ ಕಾಣುವುದೇ ಇಲ್ಲ.

ಎರಡನೇ ಕ್ಯಾಸೆಟ್ 'ಸ್ನೇಕ್ ಇನ್ ದ ಈಗಲ್ಸ್ ಶ್ಯಾಡೋ'. ಅದೇ ವರ್ಷ, ಅದೇ ಅಪ್ಪ-ಮಗ, ಅದೇ ಖಳನಾಯಕ. ಇದು ಡ್ರಂಕನ್ ಮಾಸ್ಟರ್‌ಗಿಂತ ಮೊದಲು ಬಂದದ್ದು. ಮುದುಕನ ಕೈಯಲ್ಲಿನ ಬೋಗುಣಿ ಕಸಿದುಕೊಳ್ಳುವ ಒಂದು ಆಟ ಇದೆ, ಅದಕ್ಕಾಗಿಯೇ ನೋಡಬೇಕು. ಆದರೆ ಬೆಕ್ಕು ನಾಗರಹಾವಿನ ಜೊತೆ ಕಾದಾಡುವ ಭಾಗವೂ ಇದೆ, ಅದನ್ನು ನೋಡಿಯೇ ಹುಡುಗ ಹೊಸ ವರಸೆ ಕಲಿಯುತ್ತಾನೆ. ಬೆಕ್ಕೂ ನಿಜ, ಹಾವೂ ನಿಜ. ನಮ್ಮ ಓಣಿಯಲ್ಲಿ ಆ ಭಾಗ ಬಂದರೆ ಹಿರಿಯ ಹೆಂಗಸರು "ಏ, ನಾಗಪ್ಪ! ಓಡಸೋ ಅದನ್ನ!" ಅಂತ ಬೈದು ಕೈಮುಗಿಯುತ್ತಿದ್ದರು. ಅಣ್ಣ ಫಾರ್ವರ್ಡ್ ಒತ್ತುತ್ತಿದ್ದ. ಹಾಗಾಗಿ ಬೆಕ್ಕು ಹೇಗೆ ಗೆದ್ದಿತು ಅಂತ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇರಲಿಲ್ಲ. ಈ ಸಲ ಪೂರ್ತಿ ನೋಡಿದೆ. ನೋಡಬಾರದಿತ್ತು. ಆ ಹಿರಿಯರೇ ಸರಿ.

ಭಾಯಿಯ ತಪ್ಪು ಇರುವುದು ಈ ಕ್ಯಾಸೆಟ್ಟಿನಲ್ಲಿ. ಟೇಪು ಕೊನೆಯಲ್ಲಿ ಹರಿದಿತ್ತು. ಅಂಟಿಸಿ ಓಡಿಸುತ್ತೇನೆ ಅಂದಿದ್ದರು. ಮನೆಗೆ ತಂದು ನೋಡಿದರೆ ಕೊನೆಯ ನಾಲ್ಕು ನಿಮಿಷ ಇಲ್ಲ. ಕೇಳಿದರೆ, "ಫೈಟ್ ಎಲ್ಲಾ ಬಂದದಲ್ಲ ಅಕ್ಕಾ, ಇನ್ನೇನು ಉಳೀತು?" ಅಂದರು. ಬಂದಿರಲಿಲ್ಲ. ಮತ್ತೆ ಒಯ್ದು ಕೊಟ್ಟೆ, ಆಗ ಮಾಡಿಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ನೀವು ಕೊಟ್ಟರೆ ಅಂಗಡಿಯಲ್ಲೇ ಕೂತು ಕೊನೆ ಓಡಿಸಿ ನೋಡಿ, ಆಮೇಲೆ ದುಡ್ಡು ಕೊಡಿ.

ಮೂರನೆಯದು 'ಪ್ರಾಜೆಕ್ಟ್ ಎ', 1983. ಜಾಕಿ, ಸ್ಯಾಮೊ ಹಂಗ್, ಯುವೆನ್ ಬಿಯಾವ್ ಮೂವರೂ ಇದ್ದಾರೆ. ಮೂವರೂ ಚಿಕ್ಕಂದಿನಲ್ಲಿ ಹಾಂಗ್‌ಕಾಂಗ್‌ನ ಒಂದೇ ನಾಟಕ ಶಾಲೆಯಲ್ಲಿ ಒಬ್ಬರೇ ಗುರುವಿನ ಕೈಯಲ್ಲಿ ಏಟು ತಿಂದು ಪಲ್ಟಿ ಕಲಿತವರು. ಅದಕ್ಕೇ ಇರಬೇಕು, ಒಬ್ಬ ಬೀಳುವ ಮೊದಲೇ ಇನ್ನೊಬ್ಬನ ಕೈ ಅಲ್ಲಿರುತ್ತದೆ. ಸ್ಯಾಮೊ ಎಷ್ಟು ದಪ್ಪ, ಆದರೂ ಎಷ್ಟು ಹಗುರ!

ಸಣ್ಣ ಗಲ್ಲಿಗಳಲ್ಲಿ ಸೈಕಲ್ ಮೇಲೆ ಬಡಿದಾಡುವ ಭಾಗ ಬಂದಾಗ ಅಣ್ಣನಿಗೆ ವಿಡಿಯೋ ಕಾಲ್ ಹಚ್ಚಿದೆ. ಅವನು ಈಗ ಹೈದರಾಬಾದಿನಲ್ಲಿ ಇರುತ್ತಾನೆ, ಮೊಣಕಾಲು ನೋವು. ಫೋನನ್ನು ಟಿವಿ ಮುಂದೆ ಹಿಡಿದು ನಿಂತೆ. ಅವನು ಮುಂದೆ ಏನು ಬರುತ್ತದೆ ಅಂತ ಒಂದೊಂದನ್ನೂ ಮೊದಲೇ ಹೇಳುತ್ತಿದ್ದ. ಜಾಕಿ ಬೇಡಿ ಹಾಕಿದ ಕೈಯಲ್ಲೇ ಕಂಬ ಹತ್ತಿ, ಗಡಿಯಾರದ ಗೋಪುರ ಹೊಕ್ಕು, ಹೊರಗೆ ಬಂದು ದೊಡ್ಡ ಮುಳ್ಳಿಗೆ ಜೋತುಬಿದ್ದ. 1923ರ ಮೂಕಿ ಚಿತ್ರದಲ್ಲಿ ಹ್ಯಾರಲ್ಡ್ ಲಾಯ್ಡ್ ಹೀಗೇ ಜೋತುಬಿದ್ದಿದ್ದ, ಆದರೆ ಅವನು ಬೀಳಲಿಲ್ಲ. ಜಾಕಿ ಬೀಳುತ್ತಾನೆ. ಎರಡು ಬಟ್ಟೆ ಮಾಡು ಹರಿದುಕೊಂಡು ನೆಲಕ್ಕೆ. ಒಂದು ಸಲ ಬಿದ್ದದ್ದು ಸಾಲದು ಅಂತ ಇನ್ನೊಂದು ಸಲ ಬಿದ್ದದ್ದನ್ನೂ ಪಿಕ್ಚರಿನಲ್ಲೇ ಇಟ್ಟಿದ್ದಾರೆ.

ಇದೆಲ್ಲ ಅಣ್ಣ ಫೋನಿನಲ್ಲಿ ಹೇಳಿದ್ದು. ನಮ್ಮ ಕ್ಯಾಸೆಟ್ಟಿನಲ್ಲಿ ಜಾಕಿ ಬೀಳುವುದೇ ಇಲ್ಲ. ಮುಳ್ಳಿನಿಂದ ಬೆರಳು ಜಾರುತ್ತದೆ, ಪರದೆ ಒಮ್ಮೆ ಜರ್ ಅನ್ನುತ್ತದೆ, ಶಹನಾಯಿ ಶುರುವಾಗಿ ನಮ್ಮ ಕಾಕಾನ ಮಗಳ ಮದುವೆ! ಬಾಸಿಂಗ, ಅಕ್ಕಿಕಾಳು, ಹಿಂದೆ ನಾನು ಎರಡು ಜಡೆ ಹಾಕಿಕೊಂಡು ಬಾಯಿ ತೆರೆದು ನಿಂತಿದ್ದೇನೆ. ಕ್ಯಾಸೆಟ್ಟಿನ ಹಿಂದೆ ಒಂದು ಸಣ್ಣ ಚಕ್ಕೆ ಇರುತ್ತದೆ, ಅದನ್ನು ಮುರಿದರೆ ಮೇಲೆ ರೆಕಾರ್ಡ್ ಆಗುವುದಿಲ್ಲ. ಮುರಿದ ಜಾಗಕ್ಕೆ ಟೇಪ್ ಅಂಟಿಸಿದರೆ ಮತ್ತೆ ಆಗುತ್ತದೆ. ಖಾಲಿ ಕ್ಯಾಸೆಟ್ ತರಲು ಕೊಟ್ಟ ದುಡ್ಡನ್ನು ಉಳಿಸಿಕೊಂಡ ಅಣ್ಣ, ಪ್ರಾಜೆಕ್ಟ್ ಎ ಮೇಲೆಯೇ ಮದುವೆ ಹಾಕಿದ್ದಾನೆ. ಮೂವತ್ತು ವರ್ಷ ಆದಮೇಲೆ ಸಿಕ್ಕಿಬಿದ್ದ. "ಆ ದುಡ್ಡಾಗ ನಿನಗೂ ಭಜಿ ತಿನಸೇನಲ್ಲ ಮತ್ತ" ಅಂತ ನಕ್ಕ.

ಆ ಮದುವೆಯದು ಬೇರೆ ವಿಡಿಯೋ ಇಲ್ಲ. ಭಾಯಿ ಗಡಿಯಾರದವರೆಗೆ ಒಂದು ಫೈಲು, ಮದುವೆಯಿಂದ ಇನ್ನೊಂದು ಫೈಲು ಅಂತ ಎರಡು ಮಾಡಿ, ಬೇರೆ ಮಾಡಿದ್ದಕ್ಕೆ ₹50 ಹಿಡಿದಿದ್ದರು. ಕಾಕಾನ ಮಗಳು ನೋಡಲು ಬಂದಳು, ಮಗ-ಸೊಸೆಯನ್ನೂ ಕರೆತಂದಳು. ಜಾಕಿ ಕೈ ಜಾರಿದ ಕೂಡಲೇ ಅವಳ ಗಂಡನ ಮುಖ ಬಂದದ್ದನ್ನು ನೋಡಿ ಅವಳು ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಹಿಂಗೇ ಬೇಕು, ಕೂಡೇ ಇರಲಿ ಅಂದಳು. ಎರಡನ್ನೂ ಒಂದೇ ಫೈಲ್ ಮಾಡಿಸಲು ಮತ್ತೆ ಅಂಗಡಿಗೆ ಹೋದೆ. ಭಾಯಿ ಅದಕ್ಕೂ ₹50 ತಗೊಂಡರು.